ಕಮ್ಮಟದಲ್ಲಿ ನಾನು ಕಥೆ ಹೇಳಿಕೊಡುವುದಿಲ್ಲ

ಹೈಸ್ಕೂಲು ಮಕ್ಕಳಿಗೆ ಕಥಾ ಕಮ್ಮಟ ನಡೆಸಿಕೊಡಿ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು, ಉದ್ಘಾಟನೆ ಎಷ್ಟು ಹೊತ್ತು ಅಂತ. ತಮಾಷೆಗಲ್ಲ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ ಎಲ್ಲ ಮುಗಿದು ಅಧ್ಯಕ್ಷರು ಮೈಕ್ ಬಿಡುವ ಹೊತ್ತಿಗೆ ಊಟದ ಬೆಲ್ ಹೊಡೆದಿರುತ್ತದೆ. ಸಾಹಿತ್ಯ ಅಂದರೆ ದೊಡ್ಡವರು ಮಾತಾಡುವುದು, ನಾವು ಚಪ್ಪಾಳೆ ತಟ್ಟುವುದು ಅಂತ ಮಕ್ಕಳು ಅಷ್ಟರಲ್ಲೇ ತೀರ್ಮಾನ ಮಾಡಿರುತ್ತಾರೆ. ಹಾಗಾಗಿ ಉದ್ಘಾಟನೆ ಬೇಕೇ ಬೇಕು ಅಂದರೆ ಕೊನೆಯ ದಿನ ಸಮಾರೋಪದ ಜೊತೆಗೇ ಇಟ್ಟುಕೊಳ್ಳಿ ಅನ್ನುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಮತ್ತೆ ಫೋನ್ ಮಾಡುವುದಿಲ್ಲ.

ಬರುವವರು ಸಾಮಾನ್ಯವಾಗಿ ಒಂಬತ್ತನೇ ಕ್ಲಾಸಿನವರು, ಇಲ್ಲವೇ ಮೊದಲ ಪಿಯುಸಿಯವರು. ಎಸ್ಸೆಸ್ಸೆಲ್ಸಿ ಮತ್ತು ಎರಡನೇ ಪಿಯುಸಿ ಮಕ್ಕಳನ್ನು ಯಾವ ಶಾಲೆಯೂ ಬಿಡುವುದಿಲ್ಲ. 20 ಜನಕ್ಕಿಂತ ಜಾಸ್ತಿ ಬೇಡ ಅನ್ನುತ್ತೇನೆ. ಟೀಚರುಗಳು ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ತಗೊಂಡವರನ್ನೇ ಆರಿಸಿ ಕಳಿಸುತ್ತಾರೆ. ಅವರು ಬರಲಿ, ಆದರೆ ಅರ್ಧದಷ್ಟು ಜನ ಹಿಂದಿನ ಬೆಂಚಿನವರು ಇರಲಿ. ಬಹುಮಾನದ ಮಕ್ಕಳಿಗೆ ಅಕ್ಷರ ಚೆನ್ನಾಗಿರುತ್ತದೆ, ಹಿಂದಿನ ಬೆಂಚಿನವರ ಹತ್ತಿರ ಸುದ್ದಿ ಜಾಸ್ತಿ ಇರುತ್ತದೆ.

ಮೊದಲ ಗಂಟೆಯಲ್ಲಿ ಏನಾದರೂ ಬರೆಯಿರಿ ಅಂದರೆ ಏನು ಬರುತ್ತದೆ ಅಂತ ನನಗೆ ಮೊದಲೇ ಗೊತ್ತು. 'ಒಂದಾನೊಂದು ಊರಿನಲ್ಲಿ ಒಬ್ಬ ಬಡ ರೈತನಿದ್ದನು.' ಮಗನ ಹೆಸರು ರಾಮು. ಅವನ ಗೆಳೆಯ ಸೋಮು ಸೋಮಾರಿ. ಕೊನೆಯಲ್ಲಿ ಗೆರೆ ಎಳೆದು 'ಈ ಕಥೆಯ ನೀತಿ'. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಇಷ್ಟು ವರ್ಷ ಮಾರ್ಕ್ಸ್ ಸಿಕ್ಕಿರುವುದೇ ಆ ಭಾಷೆಗೆ. ಅವರ ಊರಲ್ಲಿ ರಾಮು ಅನ್ನುವವರೇ ಯಾರೂ ಇರುವುದಿಲ್ಲ. ಹೆಸರು ಕೇಳಿದರೆ ಯಶವಂತ, ಮುಬಾರಕ್, ಚಂದನಾ ಅನ್ನುತ್ತಾರೆ.

ಅದಕ್ಕೇ ಕಥೆ ಬರೆಯಿರಿ ಅಂತ ಹೇಳುವುದನ್ನೇ ಬಿಟ್ಟಿದ್ದೇನೆ. ಬೆಳಿಗ್ಗೆ ಎದ್ದಾಗಿನಿಂದ ಇಲ್ಲಿಗೆ ಬರುವ ತನಕ ಕಿವಿಗೆ ಬಿದ್ದ ಮಾತು ಇದ್ದ ಹಾಗೆ ಬರೆಯಿರಿ ಅನ್ನುತ್ತೇನೆ. ವ್ಯಾಕರಣ ನೋಡಲ್ಲ, ಕಾಗುಣಿತ ನೋಡಲ್ಲ. 'ಹಾಲ್ ಇಳ್ಸು, ಉಕ್ತೈತೆ.' 'ಆಧಾರ್ ತೋರ್ಸಮ್ಮ, ಸುಮ್ನೆ ಟಿಕೆಟ್ ಹರಿಯಕ್ಕಾಗಲ್ಲ.' 'ನಿಮ್ಮಪ್ಪನ್ನೇ ಕೇಳು, ನನ್ನೇನ್ ಕೇಳ್ತೀಯ.' ಇವನ್ನು ಜೋರಾಗಿ ಓದಿದಾಗ ರೂಮಲ್ಲಿ ನಗು ಶುರುವಾಗುತ್ತದೆ. ಇದನ್ನೂ ಬರೆಯಬಹುದಾ ಅಂತ ಒಬ್ಬರಾದರೂ ಕೇಳುತ್ತಾರೆ. ಕಮ್ಮಟ ನಿಜವಾಗಿ ಶುರುವಾಗುವುದು ಆಗ.

ಶಿರಾ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಒಬ್ಬ ಹುಡುಗಿ 'ತಾಯಿಯ ತ್ಯಾಗ' ಅಂತ ಎರಡು ಪುಟ ಬರೆದುಕೊಂಡು ಬಂದಳು. ಪೂರ್ತಿ ಓದಿದರೂ ತಾಯಿ ಮಾತ್ರ ಎಲ್ಲೂ ಕಾಣಲಿಲ್ಲ. ನಿಮ್ಮಮ್ಮ ನಿನ್ನೆ ಏನು ಮಾಡಿದರು ಅಂತ ಕೇಳಿದೆ.

"ರೇಷನ್ ತರಕ್ಕೆ ಹೋಗಿದ್ರು ಮಿಸ್. ನನ್ನೂ ಕರ್ಕೊಂಡು."

"ನಿನ್ನ ಯಾಕೆ?"

"ಅಮ್ಮಂದು ಹೆಬ್ಬೆಟ್ಟು ತಗಳಲ್ಲ ಮಿಸ್, ಮಿಷನ್ನು."

ಅವರಮ್ಮ ಹುಣಸೆಹಣ್ಣು ಬಿಡಿಸುವ ಕೂಲಿಗೆ ಹೋಗುತ್ತಾರೆ. ಬೆರಳಿನ ಗೆರೆ ಸವೆದಿದೆ. ತಲೆಗೂದಲಿಗೆ ಉಜ್ಜಿ ಇಟ್ಟರೂ ಆಗಲ್ಲ, ಸೆರಗಿಗೆ ಒರೆಸಿ ಇಟ್ಟರೂ ಆಗಲ್ಲ. ಕಾರ್ಡಿನಲ್ಲಿ ಹೆಸರಿರುವವರಲ್ಲಿ ಈ ಹುಡುಗಿಯ ಬೆರಳನ್ನೇ ಮಿಷನ್ನು ಒಪ್ಪುವುದು. ಅದಕ್ಕೇ ತಿಂಗಳಿಗೊಂದು ದಿನ ಶಾಲೆಗೆ ಚಕ್ಕರ್. ಹಾಜರಿ ಪುಸ್ತಕದಲ್ಲಿ ಹೊಟ್ಟೆನೋವು ಅಂತ ಇರುತ್ತದೆ. ನಾನು ಪೆನ್ನು ಕೈಗೆ ಕೊಟ್ಟು, ಈಗ ಹೇಳಿದ್ದನ್ನೇ ಬರಿ ಅಂದೆ. ಹೊಸ ಹಾಳೆಯಲ್ಲಿ ತ್ಯಾಗ ಅನ್ನುವ ಪದವೇ ಬರಲಿಲ್ಲ. ಅವಳೂ ಅದನ್ನು ಗಮನಿಸಲಿಲ್ಲ, ನಾನೂ ತೋರಿಸಲು ಹೋಗಲಿಲ್ಲ.

ಮೊದಲ ಪಿಯುಸಿ ಹುಡುಗನೊಬ್ಬ ಮುಂಬೈ ಡಾನ್ ಕಥೆ ಬರೆದಿದ್ದ. ಬಂದೂಕುಗಳ ಹೆಸರೆಲ್ಲ ಮೊಬೈಲ್ ಗೇಮಿನಿಂದ ಬಂದಿದ್ದವು. ಮುಂಬೈ ನೋಡಿಲ್ಲ, ಬೆಂಗಳೂರಿಗೆ ಒಂದ್ಸಲ ಮದುವೆಗೆ ಹೋಗಿದ್ದನಂತೆ. ಇದನ್ನು ಬಿಡು ಅಂತ ನಾನು ಹೇಳಲಿಲ್ಲ. ನಿನ್ನ ಡಾನ್ ರಾತ್ರಿಯೆಲ್ಲ ಕಾಯುತ್ತಾನೆ ಅಂತ ಬರೆದಿದ್ದೀಯಲ್ಲ, ನೀನು ಯಾವತ್ತಾದರೂ ಹಾಗೆ ಕಾದಿದ್ದೀಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೋರ್ ಹಾಕಿಸುವಾಗ ಅಂದ.

ಆಮೇಲೆ ಅವನೇ ಹೇಳುತ್ತಾ ಹೋದ. ಅಂಗೈಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಸುತ್ತಿ ಪಾಯಿಂಟ್ ತೋರಿಸಿದವರು. ರಾತ್ರಿ ಬಂದ, ತಮಿಳುನಾಡಿನ ತಿರುಚೆಂಗೋಡಿನ ಬೋರ್ ಲಾರಿ. ಊದುಬತ್ತಿ ಹಚ್ಚಿ ಕಾಯಿ ಒಡೆದಿದ್ದು. ಮನೆ ತನಕ ಬಂದ ಬಿಳಿ ಧೂಳು, ಪಾತ್ರೆಗಳ ಮೇಲೆ ಅಮ್ಮ ಹೊದಿಸಿದ ಹಳೇ ಸೀರೆ. ಒಂದು ರಾಡ್ ಇಳಿದರೆ 20 ಅಡಿ. ಆಳಕ್ಕೆ ಹೋದಷ್ಟೂ ಅಡಿಯ ರೇಟು ಜಾಸ್ತಿ, ನೀರು ಬಿದ್ದರೂ ಬೀಳದಿದ್ದರೂ. ಇವನು ಬದುವಿನ ಮೇಲೆ ಕೂತು ರಾಡ್ ಎಣಿಸುತ್ತಾ ಮನಸ್ಸಲ್ಲೇ ಗುಣಿಸುತ್ತಿದ್ದನಂತೆ. 38ರ ಮೇಲೆ ಎಣಿಸಲಿಲ್ಲ ಅಂದ. ಯಾಕೆ ಅಂದೆ.

"ಅಪ್ಪ ಈಗ ನಿಲ್ಸಿ ಅಂತಾರೆ, ಈಗ ಅಂತಾರೆ ಅಂತ ಕಾಯ್ತಿದ್ದೆ. ಅವ್ರು ಲಾರಿ ಕಡೆ ಬೆನ್ನು ಹಾಕ್ಕೊಂಡು ಕೂತಿದ್ರು."

ಆ ಕಥೆಯನ್ನು ಅವನು ಚೆನ್ನಾಗಿಯೇ ಬರೆದ. ಲಾರಿ ಡ್ರೈವರಿಗೆ ಮಾತ್ರ ಡಾನ್‌ನ ಹೆಸರನ್ನೇ ಇಟ್ಟ. ಬೇಡ ಅಂದರೂ ಕೇಳಲಿಲ್ಲ. ಇರಲಿ ಬಿಡಿ, ಕಥೆ ಅವನದು.

ಇದರಲ್ಲಿ ಒಂದು ತೊಂದರೆಯೂ ಇದೆ. ಬೋರ್‌ವೆಲ್ ಕಥೆಗೆ ನನ್ನ ಮುಖ ಅರಳಿದ್ದನ್ನು ಉಳಿದವರೆಲ್ಲ ನೋಡಿದ್ದರು. ಮಧ್ಯಾಹ್ನ ಬಂದ ಹಾಳೆಗಳಲ್ಲೆಲ್ಲ ಬಡತನ, ಸಾಲ, ಅಳು. ದೊಡ್ಡವರಿಗೆ ಏನು ಬೇಕು ಅಂತ ಕಂಡುಹಿಡಿಯುವುದರಲ್ಲಿ ಈ ವಯಸ್ಸಿನವರನ್ನು ಮೀರಿಸುವವರಿಲ್ಲ. ಬರೆಯುವವರಿಗೆ ಹೆಸರಿದ್ದಷ್ಟೂ ಮಕ್ಕಳು ಅವರ ಹಾಗೇ ಬರೆದು ಕೊಡುತ್ತಾರೆ. ಅದಕ್ಕೇ ನಾನು ಕಮ್ಮಟದಲ್ಲಿ ನನ್ನ ಕಥೆ ಓದುವುದಿಲ್ಲ, ಯಾವ ಕಥೆಗೂ ಭೇಷ್ ಅನ್ನುವುದಿಲ್ಲ. ಇಲ್ಲಿ ಏನಾಯ್ತು, ಆಮೇಲೆ ಯಾರು ಬಂದರು, ಅವಳ ಕೈಲಿ ಏನಿತ್ತು ಅಂತ ಕೇಳುತ್ತೇನೆ ಅಷ್ಟೇ. ದೆವ್ವದ ಕಥೆ ಬಂದರೂ ಪ್ರೇಮದ ಕಥೆ ಬಂದರೂ ಇದೇ ಪ್ರಶ್ನೆ.

ಪ್ರಶ್ನೆಯ ಬೆಲೆ ಏನು ಅಂತ ಕನ್ನಡದವರಿಗೆ ನಾನು ಹೇಳಬೇಕಾಗಿಲ್ಲ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದರು. ಆಗ ಅವರಿಗಿನ್ನೂ 20 ತುಂಬಿರಲಿಲ್ಲ. ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಅಂತ ಕಸಿನ್ಸ್ ಕೇಳಿದರು. ಹುಡುಗನಿಗೆ ಆ ಕ್ಷಣ ಬೇಜಾರೇ ಆಗಿತ್ತು, ಆದರೆ ಕನ್ನಡದಲ್ಲಿ ಬರೆಯತೊಡಗಿದ್ದು ಆ ಪ್ರಶ್ನೆಯಿಂದಲೇ. ಕಸಿನ್ಸ್ ಛಂದಸ್ಸು ಹೇಳಿಕೊಡಲಿಲ್ಲ, ಕವಿತೆ ತಿದ್ದಿ ಕೊಡಲಿಲ್ಲ. ಅವರಿಗೆ ಕನ್ನಡವೂ ಬರುತ್ತಿರಲಿಲ್ಲ. ಕಮ್ಮಟಕ್ಕೆ ಹೋಗುವ ಲೇಖಕರು ಈ ಭೇಟಿಯನ್ನು ಒಮ್ಮೆ ನೆನೆಸಿಕೊಂಡು ಹೋದರೆ ಭಾಷಣ ಅರ್ಧ ಕಮ್ಮಿಯಾದೀತು.

ಬರೆದದ್ದನ್ನು ಸಂಜೆ ಓದಿಸುತ್ತೇನೆ, ಚರ್ಚೆ ಮರುದಿನ ಬೆಳಿಗ್ಗೆ. ಹೆಗ್ಗೋಡಿನ ನೀನಾಸಂ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಬೆಳಿಗ್ಗೆ ಮಾತಾಡುವ ರೂಢಿಯಿದೆ, ಅಲ್ಲಿಂದ ತಂದಿದ್ದು ಇದು. ರಾತ್ರಿ ಕಳೆದ ಮೇಲೂ ತಲೆಯಲ್ಲಿ ಉಳಿದಿದ್ದನ್ನು ಮಾತ್ರ ಹೇಳಿ ಅನ್ನುತ್ತೇನೆ. ಚೆನ್ನಾಗಿತ್ತು, ಸೂಪರ್ ಅನ್ನುವಂತಿಲ್ಲ. 'ಅವ್ರಪ್ಪ ಬೆನ್ನು ಹಾಕಿ ಕೂತಿದ್ದು' ಅಂತ ಹೇಳಿದರೆ ಸಾಕು, ಬರೆದವನಿಗೆ ಅರ್ಥವಾಗುತ್ತದೆ.

ಕಷ್ಟದ ಮಾತೊಂದಿದೆ. ಮಕ್ಕಳು ನಿಜ ಬರೆಯತೊಡಗಿದರೆ ಬರಬಾರದ್ದೂ ಬರುತ್ತದೆ. ಮಾಮನ ಬಗ್ಗೆ, ಮನೆ ಪಾಠದವರ ಬಗ್ಗೆ. ಅಂಥ ಹಾಳೆಯನ್ನು ಎಲ್ಲರೆದುರು ಓದಿಸಬಾರದು, ಕಥೆ ಅಂತ ತಿದ್ದಲೂಬಾರದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ನಾನು ಲೇಖಕಿ, ನನಗೆ ಸಂಬಂಧವಿಲ್ಲ ಅನ್ನುವಂತಿಲ್ಲ. ಕಮ್ಮಟ ಶುರುವಾಗುವ ಮೊದಲೇ ಶಾಲೆಯಲ್ಲಿ ಮಕ್ಕಳು ನಂಬುವ ಒಬ್ಬ ಟೀಚರನ್ನು ಕಂಡು ಮಾತಾಡಿರುತ್ತೇನೆ. ಮಕ್ಕಳ ಸಹಾಯವಾಣಿ 1098 ಅಂತ ಬೋರ್ಡಿನ ಮೂಲೆಯಲ್ಲಿ ಬರೆದೂ ಇಡುತ್ತೇನೆ. ನೀವು ಬರೆದದ್ದೆಲ್ಲ ಓದಲೇಬೇಕು ಅಂತಿಲ್ಲ, ಮಡಚಿ ಜೇಬಲ್ಲಿಟ್ಟುಕೊಳ್ಳಬಹುದು ಅಂತ ಮೊದಲ ದಿನವೇ ಹೇಳುತ್ತೇನೆ. ತುಂಬಾ ಜನ ಮಡಚಿಡುತ್ತಾರೆ.

ಇತ್ತೀಚೆಗೆ ಮೊಬೈಲಿನಲ್ಲಿ ಎಐ ಹತ್ತಿರ ಬರೆಸಿಕೊಂಡು ಬರುವವರೂ ಇದ್ದಾರೆ. ಹಿಡಿಯುವುದು ಸುಲಭ. ಅವಳ ಕೈಲಿ ಏನಿತ್ತು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಬೈಯುವುದಿಲ್ಲ, ಹಾಗಾದರೆ ನೀನೇ ಈಗ ಏನಾದರೂ ಕೊಡು ಅನ್ನುತ್ತೇನೆ. ಒಬ್ಬ ಹುಡುಗ ಪಾತ್ರದ ಕೈಗೆ ಕುಡುಗೋಲು ಕೊಟ್ಟ, ಕಥೆಯೇ ಬೇರೆ ಕಡೆ ಹೋಯ್ತು.

ಕಮ್ಮಟ ಮುಗಿದ ಮೇಲೆ ಪುಸ್ತಕ ಮಾಡೋಣ ಅಂತ ಸಂಘಟಕರು ಅವಸರ ಮಾಡುತ್ತಾರೆ. ಮುಖಪುಟ, ಮುನ್ನುಡಿ, ಬಿಡುಗಡೆ. ಅದರ ಬದಲು ಮಕ್ಕಳಿಗೆ ತಿಂಗಳಿಗೊಮ್ಮೆ ಸೇರಲು ಒಂದು ಜಾಗ ಕೊಡಿ ಅನ್ನುತ್ತೇನೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಅರಿವು ಕೇಂದ್ರ, ಎಷ್ಟೋ ಊರಲ್ಲಿ ಇದೆ. 'ಓದುವ ಬೆಳಕು' ಕಾರ್ಯಕ್ರಮ ಬಂದ ಮೇಲೆ ಶಾಲಾ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಭಾನುವಾರ ಬಾಗಿಲು ತೆರೆಸಲು ಮೇಲ್ವಿಚಾರಕರನ್ನು ಒಪ್ಪಿಸಬೇಕು, ಅಷ್ಟೇ. ಬೋರ್‌ವೆಲ್ ಹುಡುಗನ ಊರಲ್ಲಿ ಅವರು ಒಪ್ಪಿದ್ದಾರೆ. ಅವನೀಗ ದೀಪಾವಳಿ ಕಥಾ ಸ್ಪರ್ಧೆಯ ವಿದ್ಯಾರ್ಥಿ ವಿಭಾಗಕ್ಕೆ ಕಳಿಸಬೇಕು ಅಂತ ಹೊಸದೊಂದು ಬರೆಯುತ್ತಿದ್ದಾನೆ. ಅದರಲ್ಲೂ ಡಾನ್ ಇದ್ದಾನಂತೆ.