ನೀರು ಕಾಣದ ತೊಗರಿಯಲ್ಲಿ ಆರ್‌ಎನ್‌ಎ ಅಳೆದದ್ದು

ಮೊಳಕೆ ಮೇಲೆ ಕೆಲಸ ಮಾಡ್ತೀನಿ ಅಂದರೆ ಎಲ್ಲರೂ ಕೇಳುವುದು ನೀರು ಹಾಕಿದ ಮೇಲಿನ ಸಂಗತಿ. ನನಗೆ ಹೆಚ್ಚು ಕೆಲಸ ಕೊಟ್ಟದ್ದು ನೀರು ಹಾಕುವ ಮುಂಚಿನ ಬೀಜ. ಬೀಜ ಕೊಟ್ಟ ಆಳಂದ ಕಡೆಯ ರೈತರೊಬ್ಬರು, "ಒಣಾ ಬೀಜದಾಗ ಏನದಾರೀ ನೋಡ್ಲಾಕ?" ಅಂದಿದ್ದರು. ನೋಡಬೇಕಾದದ್ದು ಬಹಳ ಇದೆ. ಕಾಯಿಯೊಳಗೆ ಬಲಿಯುವಾಗಲೇ ಭ್ರೂಣ ತನ್ನ ಜೀನ್‌ಗಳಿಂದ ಸಾವಿರಾರು ಬಗೆಯ ಎಂಆರ್‌ಎನ್‌ಎ ನಕಲು (ಪ್ರೋಟೀನ್ ಮಾಡಲು ಬೇಕಾದ ಸಂದೇಶ) ತೆಗೆದು, ಒಣಗುವ ಮೊದಲೇ ಕೂಡಿಟ್ಟುಕೊಂಡಿರುತ್ತದೆ. ಡ್ಯೂರ್ ಮತ್ತು ವಾಟರ್ಸ್ ಎಂಬ ವಿಜ್ಞಾನಿಗಳು 1965ರಲ್ಲೇ ಹತ್ತಿ ಬೀಜದಲ್ಲಿ ಇದರ ಸುಳಿವು ಹಿಡಿದಿದ್ದರು: ಹೊಸ ಆರ್‌ಎನ್‌ಎ ಆಗದಂತೆ ಆಕ್ಟಿನೊಮೈಸಿನ್ ಹಾಕಿದರೂ ಬೀಜ ಪ್ರೋಟೀನ್ ಮಾಡುತ್ತಲೇ ಇತ್ತು. 2004ರಲ್ಲಿ ಅರಾಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಪುಟ್ಟ ಗಿಡದ ಬೀಜದ ಮೇಲೆ, ಹೊಸ ನಕಲು ತಡೆಯುವ ಆಲ್ಫಾ-ಅಮಾನಿಟಿನ್ ಪ್ರಯೋಗಿಸಿದಾಗಲೂ ಅದೇ ಕಥೆ. ಹೊಸ ನಕಲು ನಿಂತರೂ ಬೇರು ಹೊರಬಂತು. ಪ್ರೋಟೀನ್ ತಯಾರಿಕೆಯನ್ನೇ ತಡೆದಾಗ ಮಾತ್ರ ಬರಲಿಲ್ಲ.

ಹೀಗಿರುವಾಗ ಈ ನಕಲುಗಳನ್ನು ಅಳೆಯುವ ಕ್ಯೂಪಿಸಿಆರ್ ಯಂತ್ರ ಕೊಡುವ ಅಂಕಿಯನ್ನು ನೇರವಾಗಿ "ಜೀನ್ ಚಟುವಟಿಕೆ" ಅಂತ ಕರೆಯುವುದು ತಪ್ಪು. ಅದು ಆ ಹೊತ್ತಿಗೆ ಉಳಿದಿರುವ ನಕಲುಗಳ ಲೆಕ್ಕ. ಹಳೆಯದೆಷ್ಟು, ಈಗ ಆದದ್ದೆಷ್ಟು ಎಂದು ಆ ಅಂಕಿ ಹೇಳುವುದಿಲ್ಲ. ನನ್ನ ಕೆಲಸದ ಕ್ರಮವೆಲ್ಲ ಈ ಒಂದು ಎಚ್ಚರಿಕೆಯಿಂದಲೇ ಹುಟ್ಟಿದ್ದು.

ಬೀಜ ಆರಿಸಿದ್ದು ಟಿಎಸ್-3ಆರ್, ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದಲೇ ಬಂದ, ಸೊರಗು ರೋಗ ತಡೆಯುವ ತಳಿ. ಅಂಗಡಿಯ ಪೊಟ್ಟಣ ಬೇಡ ಅಂದುಕೊಂಡೆ, ಅದಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ. ಒಂದೇ ಹೊಲದ, ಒಂದೇ ಸುಗ್ಗಿಯ ಬೀಜವೇ ಆಗಬೇಕಿತ್ತು. ಬೀಜ ಹಳೆಯದಾದಷ್ಟೂ ಒಳಗಿನ ಆರ್‌ಎನ್‌ಎ ತುಂಡಾಗುತ್ತ ಹೋಗುತ್ತದೆ, ಎರಡು ವರ್ಷದ್ದು ಬೆರೆತರೆ ಹೋಲಿಕೆಗೆ ಅರ್ಥವಿಲ್ಲ.

ಬೇಳೆ ಅಂದರೆ ಸಸಿಯ ಬುತ್ತಿ. ತೊಗರಿಯಲ್ಲಿ ಅದು ನೆಲದೊಳಗೇ ಉಳಿಯುತ್ತದೆ. ಹೆಸರು, ಅಲಸಂದೆಯ ಹಾಗೆ ದಳ ಮೇಲೆ ಎದ್ದು ಬರುವುದಿಲ್ಲ. ಬೇರು, ಕಾಂಡ ಆಗುವ ಭ್ರೂಣಾಕ್ಷ ಎರಡು ಬೇಳೆಗಳ ಅಂಚಿನಲ್ಲಿ ಅಂಟಿಕೊಂಡಿರುವ ಒಂದು ಚೂರು. ಇಡೀ ಬೀಜ ಅರೆದರೆ ಬೇಳೆಯ ರಾಶಿಯಲ್ಲಿ ಆ ಚೂರಿನ ಮಾತು ಕೇಳಿಸದು. ನಮ್ಮೂರಿನ ದಾಲ್ ಮಿಲ್‌ಗಳಲ್ಲಿ ತೊಗರಿ ಒಡೆದಾಗ ಇದು ಉದುರಿ ಚುನಿಯ ಜೊತೆ ದನದ ಮೇವಿಗೆ ಹೋಗುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದು ಕಲಬುರಗಿಯ ತೊಗರಿ ಬೇಳೆಗೆ, ಜೀವ ಇರುವುದು ಚುನಿಯಲ್ಲಿ! ನಾನೂ ಮಿಲ್‌ನವರ ದಾರಿಯನ್ನೇ ಹಿಡಿದೆ. ಒಣ ಬೀಜವನ್ನು ಒಡೆದು, ಸೂಜಿಯಿಂದ ಅಕ್ಷ ಎಬ್ಬಿಸಿ ತೆಗೆದೆ. ನೆನೆಸಿದರೆ ಸಲೀಸಾಗಿ ಬಿಡುತ್ತದೆ ನಿಜ, ಆದರೆ ನೆನೆಸಿದ ಕ್ಷಣಕ್ಕೆ ಅದು ಸೊನ್ನೆ ಗಂಟೆಯ ಮಾದರಿಯಾಗಿ ಉಳಿಯುವುದಿಲ್ಲ.

ಉಳಿದ ಬೀಜಗಳನ್ನು ಹೈಪೋಕ್ಲೋರೈಟ್‌ನಲ್ಲಿ ತೊಳೆದು, ಒದ್ದೆ ಕಾಗದದ ಮೇಲೆ, ಕತ್ತಲಲ್ಲಿ, ಇನ್‌ಕ್ಯುಬೇಟರ್‌ನೊಳಗೆ ಇಟ್ಟೆ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ "ಕೋಣೆಯ ಉಷ್ಣತೆ" ಎಂದು ಬರೆದರೆ ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ. 6, 12, 24, 48 ಗಂಟೆಗೆ ಅಕ್ಷ ಬೇರೆ, ಬೇಳೆ ಬೇರೆ ಮಾಡಿ ದ್ರವ ಸಾರಜನಕಕ್ಕೆ ಹಾಕುತ್ತಿದ್ದೆ. ದನಗಳ ಕೃತಕ ಗರ್ಭಧಾರಣೆಗೆ ಬೇಕಾಗುವ, ಮೈನಸ್ 196 ಡಿಗ್ರಿಯ ಅದೇ ಸಾರಜನಕ. ಕೋಶದ ಕೆಲಸ ಅಲ್ಲಿಗೆ ನಿಲ್ಲುತ್ತದೆ.

ಆರ್‌ಎನ್‌ಎ ತೆಗೆಯುವಾಗ ಬೇಳೆ ಹಟ ಮಾಡುತ್ತದೆ. ಪಿಷ್ಟ, ಪ್ರೋಟೀನ್, ಪಾಲಿಫೀನಾಲ್ ಎಲ್ಲ ಸೇರಿ, ಸಾಮಾನ್ಯವಾಗಿ ಬಳಸುವ ಟ್ರೈಜಾಲ್ ದ್ರಾವಣ ಹಾಕಿದರೆ ಗಂಜಿಯಂಥ ಲೋಳೆ ಉಳಿಯುತ್ತದೆ. ನನಗೆ ಒಗ್ಗಿದ್ದು ಸಿಟ್ಯಾಬ್ ವಿಧಾನ: ಸಿಟ್ಯಾಬ್ ಎಂಬ ಮಾರ್ಜಕದ ಬಿಸಿ ದ್ರಾವಣಕ್ಕೆ ಪಾಲಿಫೀನಾಲ್ ಹಿಡಿದಿಡುವ ಪಿವಿಪಿ ಮತ್ತು ಮರ್ಕ್ಯಾಪ್ಟೊಎಥನಾಲ್, ಎರಡು ಸಲ ಕ್ಲೋರೊಫಾರ್ಮ್, ಆಮೇಲೆ ಲಿಥಿಯಂ ಕ್ಲೋರೈಡ್ ಹಾಕಿ ರಾತ್ರಿಯಿಡೀ ತಣ್ಣಗೆ. ಲಿಥಿಯಂ ಆರ್‌ಎನ್‌ಎಯನ್ನು ತಳಕ್ಕಿಳಿಸಿ, ಪಿಷ್ಟದ ಬಹುಭಾಗವನ್ನು ಮೇಲೆಯೇ ಬಿಡುತ್ತದೆ. ಮಾದರಿ 260 ಮತ್ತು 280 ನ್ಯಾನೊಮೀಟರ್ ಬೆಳಕನ್ನು ಹೀರುವ ಅನುಪಾತ (260/280) 2ರ ಹತ್ತಿರ ಬಂದರೆ ಹಿಗ್ಗುವವರಿದ್ದಾರೆ. ಪಿಷ್ಟ, ಫೀನಾಲ್ ಉಳಿದಿದ್ದರೆ ಅದರ ಗುಟ್ಟು ಬಿಚ್ಚಿಡುವುದು 260/230. ಜೆಲ್ ಮೇಲೆ, ಆರ್‌ಎನ್‌ಎ ತುಂಡಾಗಿಲ್ಲವೆಂದು ತೋರುವ ರೈಬೋಸೋಮಿನ ಎರಡು ಪಟ್ಟೆ ಚೊಕ್ಕವಾಗಿ ಕಾಣುವವರೆಗೆ ನಾನು ಮುಂದೆ ಹೋಗುವುದಿಲ್ಲ.

ಪ್ರೈಮರ್, ಅಂದರೆ ಅಳೆಯಬೇಕಾದ ಜೀನನ್ನು ಹುಡುಕಿ ಹಿಡಿಯುವ ಚಿಕ್ಕ ಡಿಎನ್‌ಎ ತುಣುಕು, ಬರೆಯುವುದು ಈಗ ಸುಲಭ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮುಂದಾಳತ್ವದಲ್ಲಿ 'ಆಶಾ' ತಳಿಯ ತೊಗರಿ ಜೀನೋಮ್ (ಡಿಎನ್‌ಎಯ ಪೂರ್ತಿ ಪಾಠ) 2011ರಲ್ಲೇ ಹೊರಬಂದಿದೆ, ಅಂದಾಜು 48,680 ಜೀನ್‌ಗಳು.

ನಿಜವಾದ ತಕರಾರು ಬಂದದ್ದು ಯಾವುದಕ್ಕೆ ಹೋಲಿಸಬೇಕು ಎಂಬಲ್ಲಿ. ಎಲೆಯ ಮೇಲೆ ಕೆಲಸ ಮಾಡುವವರು ಆಕ್ಟಿನ್ ಜೀನನ್ನು ಸ್ಥಿರವೆಂದು ಹಿಡಿದು ಉಳಿದವನ್ನು ಅದರ ಜೊತೆ ತೂಗುತ್ತಾರೆ. ಮೊಳೆಯುವ ಅಕ್ಷದಲ್ಲಿ ಆಕ್ಟಿನ್ ತಾನೇ ಏರುತ್ತದೆ. ಕೋಶ ಉದ್ದವಾಗಲು ಅದೂ ಬೇಕಲ್ಲ. ಸಿಟಿ ಅಂದರೆ ನಕಲು ಗೋಚರವಾಗುವವರೆಗೆ ಯಂತ್ರ ಅದನ್ನು ದುಪ್ಪಟ್ಟು ಮಾಡಿದ ಸುತ್ತುಗಳ ಸಂಖ್ಯೆ. ಒಂದು ಸಿಟಿ ವ್ಯತ್ಯಾಸವೆಂದರೆ ಎರಡರಷ್ಟು, ಮೂರಾದರೆ ಎಂಟರಷ್ಟು. ತಕ್ಕಡಿಯೇ ಅಷ್ಟು ವಾಲಿದರೆ ತೂಕಕ್ಕೆ ಬೆಲೆಯೇನು? ಅದಕ್ಕೇ ಅರೆಯುವ ಹಂತದಲ್ಲೇ ಪ್ರತಿ ಮಾದರಿಗೂ ಒಂದೇ ಅಳತೆಯ ಲೂಸಿಫರೇಸ್ ಆರ್‌ಎನ್‌ಎ ಬೆರೆಸಿದೆ. ಅದು ಮಿಂಚುಹುಳದ್ದು, ತೊಗರಿಯಲ್ಲಿ ಇಲ್ಲ. ಅದನ್ನೇ ತಕ್ಕಡಿಯ ಬಟ್ಟು ಮಾಡಿಕೊಂಡು ಲೆಕ್ಕವನ್ನು ಪ್ರತಿ ಅಕ್ಷಕ್ಕೆ ಇಷ್ಟು ಎಂದು ಕಟ್ಟಿದೆ.

ಹಾಗೆ ಕಟ್ಟಿದ ಮೇಲೆ ಚಿತ್ರ ತಿಳಿಯಾಯಿತು. ಒಣ ಅಕ್ಷದಲ್ಲಿ ತುಂಬಿ ತುಳುಕುತ್ತಿದ್ದದ್ದು ಲೀ ಪ್ರೋಟೀನಿನ ನಕಲುಗಳು, ಬೀಜ ಒಣಗಿಯೂ ಬದುಕಲು ನೆರವಾಗುವಂಥವು. ಅಬ್ಸಿಸಿಕ್ ಆಮ್ಲ ಎಂಬ ಸಸ್ಯ ಹಾರ್ಮೋನಿನ ಮಾತು ಕೇಳಿ ಅವನ್ನು ನಡೆಸುವ ಎಬಿಐ5 ಜೀನಿನ ನಕಲು ಕೂಡ ಅಲ್ಲಿತ್ತು. ನೀರು ಕುಡಿದ ಮೊದಲ ಗಂಟೆಗಳಲ್ಲೇ ಎರಡೂ ಕುಸಿದವು. ಕೋಶಭಿತ್ತಿ ಸಡಿಲಿಸುವ ಎಕ್ಸ್‌ಪ್ಯಾನ್ಸಿನ್ ಏರಿದ್ದು ಆಮೇಲೆ, ಅದೂ ಅಕ್ಷದಲ್ಲಿ. ಮೊಳಕೆಯ ಕಥೆಯನ್ನು ಏರುವ ಜೀನ್‌ಗಳಿಂದಲೇ ಹೇಳುವ ರೂಢಿ ನನಗೆ ಒಪ್ಪಿಗೆಯಿಲ್ಲ. ಇಳಿದವುಗಳ ಪಟ್ಟಿ ಹೊಲದ ಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದು.

ಯಾಕೆಂದರೆ ಮೃಗಶಿರಾ ಮಳೆ ಬಿದ್ದು, ಬಿತ್ತಿ, ಆಮೇಲೆ ಮೋಡ ಕೈಕೊಡುವುದು ಈ ಕಡೆ ಹೊಸದಲ್ಲ. ಬೇರಿನ ತುದಿ ಹೊರಬರುವ ಮುನ್ನ ಮಣ್ಣು ಒಣಗಿದರೆ ಬೀಜ ಬಹುಮಟ್ಟಿಗೆ ತಾಳಿಕೊಂಡು ಮುಂದಿನ ಮಳೆಗೆ ಮೊಳೆಯುತ್ತದೆ. ಬೇರು ಬಂದ ಮೇಲೆ ಒಣಗಿದರೆ ಸಾಯುತ್ತದೆ. ಆ ಹೊತ್ತಿಗೆ ಒಣಗಿ ಬದುಕುವ ಶಕ್ತಿ ಕಳೆದಿರುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ನೀರಿನಲ್ಲಿ ಬೀಜ ಅದ್ದಿ, ನೆರಳಲ್ಲಿ ಒಣಗಿಸಿ ಬಿತ್ತುವ ಪದ್ಧತಿ ನಿಂತಿರುವುದೂ ಬೇರು ಹೊರಬರುವ ಈ ಗೆರೆಯ ಈಚೆ. ಮತ್ತೆ ಒಣಗಿದರೂ ಬೀಜ ಮೊದಲಿದ್ದ ಸ್ಥಿತಿಗೆ ಪೂರ್ತಿ ಮರಳುವುದಿಲ್ಲ, ಆದ್ದರಿಂದಲೇ ಎರಡನೇ ಸಲ ಬೇಗ ಮೊಳೆಯುತ್ತದೆ. ಅದೇ ಕಾರಣಕ್ಕೆ ಅದರ ಬಾಳಿಕೆಯೂ ಕಡಿಮೆ. ಬೀಜ ಕೇಳಲು ಹೋದಾಗಲೆಲ್ಲ ರೈತರಿಗೆ ಹೇಳುತ್ತೇನೆ: ಹಾಗೆ ಅದ್ದಿ ಒಣಗಿಸಿದ ಬೀಜವನ್ನು ಮುಂದಿನ ವರ್ಷಕ್ಕೆಂದು ಚೀಲದಲ್ಲಿ ಕಟ್ಟಿಡಬೇಡಿ, ಬಿತ್ತನೆಯ ಮುಂಚೆ ಬೇಕಾದಷ್ಟೇ ಮಾಡಿಕೊಳ್ಳಿ.