ಮಾರ್ಸೇ ನಗರದ ಸಿತೆ ರಾದ್ಯೋಜ್ ಕಟ್ಟಡವನ್ನು ನೋಡುವ ಬಗೆ

ಫ್ರಾನ್ಸಿನ ಮಾರ್ಸೇ ನಗರದಲ್ಲಿ 1947ರಿಂದ 1952ರ ನಡುವೆ ಲೆ ಕಾರ್ಬೂಸಿಯೆ ಅವರ ವಿನ್ಯಾಸದಂತೆ ಎದ್ದುನಿಂತ ‘ಸಿತೆ ರಾದ್ಯೋಜ್’ ವಸ್ತುಸಂಗ್ರಹಾಲಯವಲ್ಲ, 337 ಮನೆಗಳಲ್ಲಿ ಇಂದಿಗೂ ಸಂಸಾರಗಳು ನಡೆಯುತ್ತಿರುವ ವಸತಿ ಸಮುಚ್ಚಯ. ಮನೆಯೊಳಗನ್ನೂ ನೋಡಬೇಕೆನ್ನುವವರು ನಗರದ ಪ್ರವಾಸಿ ಕಚೇರಿ ಏರ್ಪಡಿಸುವ ಮಾರ್ಗದರ್ಶಿತ ಭೇಟಿಗೆ ಮೊದಲೇ ಟಿಕೆಟ್ ಕಾದಿರಿಸುವುದು ಒಳ್ಳೆಯದು. ಅದಿಲ್ಲದೆ ಹೋದವರ ಪಾಲಿಗೆ ಉಳಿಯುವುದು ಅಂಗಡಿಗಳಿರುವ ಒಳಬೀದಿ ಮತ್ತು ತಾರಸಿ ಮಾತ್ರ.

ಮೆಟ್ರೊ 2ನೇ ಮಾರ್ಗದ ರೋಂ-ಪ್ವಾಂ ದ್ಯು ಪ್ರಾದೊ ನಿಲ್ದಾಣದಲ್ಲಿ ಇಳಿದು, ವೆಲೊಡ್ರೋಮ್ ಕ್ರೀಡಾಂಗಣವನ್ನು ದಾಟಿ ಮಿಶ್ಲೆ ಬುಲೆವಾರ್‌ನಲ್ಲಿ ದಕ್ಷಿಣಕ್ಕೆ ನಡೆದುಹೋಗಬಹುದು, ಬಸ್ಸೂ ಇದೆ.

ತಲುಪಿದೊಡನೆ ಲಿಫ್ಟಿನತ್ತ ಧಾವಿಸದೆ, ಕಟ್ಟಡವನ್ನು ಒಮ್ಮೆ ಸುತ್ತಿ ಬರಬೇಕು. ಇಡೀ ಭಾರವನ್ನು ಹೊತ್ತ ದಪ್ಪ ಕಂಬಗಳ ಮೈಮೇಲೆ, ಕಾಂಕ್ರೀಟ್ ಸುರಿಯಲು ಬಳಸಿದ ಹಲಗೆಗಳ ಗೆರೆಗಳು ಗಾರೆಯ ಮುಸುಕಿಲ್ಲದೆ ಹಾಗೆಯೇ ಉಳಿದಿವೆ. ಬಾಲ್ಕನಿಗಳ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳನ್ನು ಪಕ್ಕದ ಗೋಡೆಗಳಿಗೆ ಬಳಿದಿರುವುದರಿಂದ, ನೇರ ಎದುರಿಗೆ ನಿಂತವರಿಗಿಂತ ಓರೆಯಾಗಿ ನಿಂತು ನೋಡುವವರಿಗೇ ಅವು ಚೆನ್ನಾಗಿ ತೆರೆದುಕೊಳ್ಳುತ್ತವೆ; ಪಶ್ಚಿಮದ ಮುಖಕ್ಕೆ ಮಧ್ಯಾಹ್ನದ ನಂತರದ ಬೆಳಕು ಸೂಕ್ತ. ಚಂಡೀಗಢದ ಕ್ಯಾಪಿಟಲ್ ಸಂಕೀರ್ಣವನ್ನು ಕಂಡವರಿಗೆ ಈ ಬರಿಮೈ ಕಾಂಕ್ರೀಟು ಹೊಸದೆನಿಸದು. 2016ರಲ್ಲಿ ಯುನೆಸ್ಕೊ ಪಟ್ಟಿಗೆ ಒಟ್ಟಾಗಿ ಸೇರಿದ ಇದೇ ವಾಸ್ತುಶಿಲ್ಪಿಯ 17 ಕೃತಿಗಳಲ್ಲಿ ಇವೆರಡೂ ಇವೆ.

ಒಳಗಿನ ಮಬ್ಬುಗತ್ತಲೆಯ ಓಣಿಗಳನ್ನು ಬೀದಿಗಳೆಂದೇ ಕರೆಯುತ್ತಾರೆ. ಬಣ್ಣಬಣ್ಣದ ಬಾಗಿಲುಗಳ ಪಕ್ಕದಲ್ಲಿ, ಮನೆಬಾಗಿಲಿಗೆ ಬರುವ ಸಾಮಾನು ಇಡಲೆಂದು ಮಾಡಿದ ಪುಟ್ಟ ಪೆಟ್ಟಿಗೆಗಳನ್ನು ಗಮನಿಸಿ. ಬೀದಿಯ ಒಂದು ಬದಿಯ ಮನೆ ಮೇಲಕ್ಕೆ ಏರಿದರೆ ಎದುರಿನದು ಕೆಳಕ್ಕೆ ಇಳಿಯುತ್ತದೆ. ಎರಡೂ ಓಣಿಯ ಮೇಲೆ ಇಲ್ಲವೇ ಕೆಳಗೆ ಕಟ್ಟಡದ ಆಚೆ ಬದಿಯವರೆಗೆ ಚಾಚುವುದರಿಂದ ಪೂರ್ವ, ಪಶ್ಚಿಮ ಎರಡೂ ಕಡೆಯ ಬಿಸಿಲು ದೊರೆಯುತ್ತದೆ. ಈ ಜಾಣತನ ನಕ್ಷೆಯಲ್ಲಿ ಅರ್ಥವಾಗುವುದಕ್ಕಿಂತ ಮನೆಯ ಮೆಟ್ಟಿಲಲ್ಲಿ ನಿಂತಾಗಲೇ ಹೆಚ್ಚು ಸ್ಪಷ್ಟವಾಗುತ್ತದೆಂಬ ಕಾರಣಕ್ಕೇ ಟಿಕೆಟಿನ ಹಣ ವ್ಯರ್ಥವಲ್ಲ. ಕೈ ಮೇಲೆತ್ತಿದ ಮನುಷ್ಯನ ಎತ್ತರವೆಂದು ಎಣಿಸಿ ಇಟ್ಟ 2.26 ಮೀಟರ್ ಚಾವಣಿ ಮಾತ್ರ ತುಸು ತಗ್ಗೆನಿಸಬಹುದು.

ತಾರಸಿಯಲ್ಲಿ ಮಕ್ಕಳ ನೀರಾಟದ ಕೊಳ, ಶಿಲ್ಪಗಳಂತೆ ನಿಂತ ಗಾಳಿಗೊಳವೆಗಳು, ಒಂದೆಡೆ ಸಮುದ್ರ, ಇನ್ನೊಂದೆಡೆ ಬೆಟ್ಟಗಳಿವೆ. ಹಳೆಯ ವ್ಯಾಯಾಮಶಾಲೆ 2013ರಿಂದ ಕಲಾಕೇಂದ್ರವಾಗಿದೆ. ನಿವಾಸಿಗಳನ್ನೂ ಮಕ್ಕಳನ್ನೂ ಕೇಳದೆ ಫೋಟೊ ತೆಗೆಯಬಾರದು. ಮಿಸ್ತ್ರಾಲ್ ಗಾಳಿ ಬೀಸುವ ದಿನ ಮೇಲೆ ನಿಲ್ಲುವುದೇ ಕಷ್ಟವಾದ್ದರಿಂದ ಬೆಚ್ಚನೆಯ ಮೇಲಂಗಿ ಜೊತೆಗಿರಲಿ. ಸಮಯದ ಒತ್ತಡವಿಲ್ಲದವರು ಕಟ್ಟಡದೊಳಗೇ ಇರುವ ಹೋಟೆಲಿನಲ್ಲಿ ಒಂದು ರಾತ್ರಿ ತಂಗಬಹುದು.