ಹಳೆ ತೂಕದ ಯಂತ್ರ, ಹೊಸ ಲ್ಯಾಪ್‌ಟಾಪ್: ಇನ್ನೊಂದು ಅಡಾಪ್ಟರ್ ಕೊಳ್ಳುವ ಮುನ್ನ ಇಷ್ಟು ನೋಡಿ

ಡೇರಿಯ ತೂಕದ ಯಂತ್ರ, ಅಂಗಡಿಯ ಹಳೆ ಬಾರ್‌ಕೋಡ್ ರೀಡರ್, ಲ್ಯಾಬಿನ ಅನಲೈಸರ್. ಇಂಥ ಎಷ್ಟೋ ಯಂತ್ರಗಳು ಇನ್ನೂ ಗಟ್ಟಿಮುಟ್ಟಾಗಿವೆ. ಅವುಗಳ ಹಿಂದೆ ಇರುವುದು 9 ಪಿನ್ನಿನ ಸೀರಿಯಲ್ ಪೋರ್ಟ್. ಹೊಸ ಲ್ಯಾಪ್‌ಟಾಪಿನಲ್ಲಿ ಅದು ಇರುವುದಿಲ್ಲ. ಹಾಗಾಗಿ ಮಧ್ಯೆ ಒಂದು ಯುಎಸ್‌ಬಿ ಅಡಾಪ್ಟರ್ ಹಾಕುತ್ತಾರೆ. ತೂಕ ಬರುವುದಿಲ್ಲ. ಇನ್ನೊಂದು ಅಡಾಪ್ಟರ್ ತರುತ್ತಾರೆ, ಅದರಲ್ಲೂ ಬರುವುದಿಲ್ಲ. ಕೊನೆಗೆ ಯಂತ್ರವೇ ಕೆಟ್ಟಿದೆ ಅಂತ ಗುಜರಿಗೆ ಕೊಡುತ್ತಾರೆ. ಚೆನ್ನಾಗಿರುವ ಯಂತ್ರ ಹೀಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಂಪ್ಯೂಟರ್ ಕಡೆಯಿಂದ ಶುರುಮಾಡಿ ಒಂದೊಂದೇ ಪರೀಕ್ಷಿಸುತ್ತಾ ಹೋದರೆ ತಪ್ಪು ಎಲ್ಲಿದೆ ಅನ್ನುವುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಮೊದಲು ಅಡಾಪ್ಟರ್

ಹಬ್ ಬೇಡ, ನೇರ ಲ್ಯಾಪ್‌ಟಾಪಿಗೇ ಚುಚ್ಚಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ಪೋರ್ಟ್ಸ್ ಅನ್ನುವ ಸಾಲು ನೋಡಿ. ಅಲ್ಲಿ ಕಾಮ್ (COM) ಅಂತ ಒಂದು ನಂಬರ್ ಬಂದಿದ್ದರೆ ಸರಿ.

ಹಳದಿ ಗುರುತು ಕಂಡರೆ ಪ್ರಾಪರ್ಟೀಸ್‌ನ ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ. 067ಬಿ ಇದ್ದರೆ ಪ್ರೊಲಿಫಿಕ್ ಚಿಪ್, 0403 ಇದ್ದರೆ ಎಫ್‌ಟಿಡಿಐ, 1ಎ86 ಇದ್ದರೆ ಸಿಎಚ್340 ಎಂಬ ಚಿಪ್ ಮಾಡುವ ಕಂಪನಿಯದು. ಪ್ರೊಲಿಫಿಕ್‌ನ ಪಿಎಲ್2303ಎಚ್‌ಎಕ್ಸ್‌ಎ ಎಂಬ ಹಳೆ ಚಿಪ್ಪಿನ ಕಾಲ 2012ಕ್ಕೇ ಮುಗಿದಿದೆ. ಹೊಸ ಡ್ರೈವರ್, ಅಂದರೆ ಅಡಾಪ್ಟರನ್ನು ವಿಂಡೋಸ್‌ನಲ್ಲಿ ನಡೆಸುವ ಪ್ರೋಗ್ರಾಂ, ಅದನ್ನು ಒಪ್ಪುವುದಿಲ್ಲ. ಅದರ ನಕಲಿಗಳನ್ನೂ ಒಪ್ಪುವುದಿಲ್ಲ. ಕೆಲವರು ಎಲ್ಲಿಂದಲೋ ಹಳೆ ಡ್ರೈವರ್ ಹುಡುಕಿ ತಂದು ಹಾಕುತ್ತಾರೆ. ವಿಂಡೋಸ್ ಅಪ್‌ಡೇಟ್ ಆದಾಗ ಮತ್ತೆ ಅದೇ ಗೋಳು. ಡ್ರೈವರ್ ತಾನೇ ಹುಡುಕಿಕೊಡುತ್ತೇನೆ ಅನ್ನುವ ಸಾಫ್ಟ್‌ವೇರ್‌ಗಳನ್ನಂತೂ ಮುಟ್ಟಲೇಬೇಡಿ. ಹೊಸದು ಕೊಳ್ಳುವುದಾದರೆ ಎಫ್‌ಟಿಡಿಐ ಚಿಪ್ಪಿನದನ್ನೇ ಕೊಳ್ಳಿ, ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ. ಅದರಲ್ಲೂ ನಕಲಿ ಇದೆ, ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ.

ಕಾಮ್ ನಂಬರ್

ಹಳೆ ಬಿಲ್ಲಿಂಗ್ ಪ್ರೋಗ್ರಾಂಗಳಲ್ಲಿ ಹಲವಕ್ಕೆ ಕಾಮ್ 1ರಿಂದ 4ರವರೆಗೆ ಮಾತ್ರ ಗೊತ್ತು. ಅಡಾಪ್ಟರ್ 7ಕ್ಕೋ 11ಕ್ಕೋ ಹೋಗಿ ಕೂತಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟಿನ ಪ್ರಾಪರ್ಟೀಸ್ ತೆರೆದು ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್‌ಗೆ ಹೋಗಿ ನಂಬರ್ ಬದಲಿಸಿ. ಯುಎಸ್‌ಬಿ ಕಿಂಡಿ ಬದಲಾದರೆ ನಂಬರೂ ಬದಲಾಗಬಹುದು. ಹಾಗಾಗಿ ಒಂದೇ ಕಿಂಡಿ ಇಟ್ಟುಕೊಂಡು ಅದರ ಪಕ್ಕ ಚೀಟಿ ಅಂಟಿಸಿಬಿಡಿ.

ತಂತಿ ತುಂಡಿನ ಪರೀಕ್ಷೆ

ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಅಡಾಪ್ಟರಿನ 9 ಪಿನ್ನುಗಳನ್ನು ನಿಮ್ಮ ಕಡೆ ತಿರುಗಿಸಿ, 5 ಪಿನ್ನಿನ ಸಾಲು ಮೇಲೆ ಬರುವಂತೆ ಹಿಡಿಯಿರಿ. ಮೇಲಿನ ಸಾಲಿನಲ್ಲಿ ಎಡದಿಂದ 1, 2, 3, 4, 5. ಇದರಲ್ಲಿ 2 ಕೇಳುವ ಪಿನ್, 3 ಮಾತಾಡುವ ಪಿನ್, 5 ಗ್ರೌಂಡ್. ಒಂದು ಸಣ್ಣ ತಂತಿಯಿಂದ 2 ಮತ್ತು 3ನ್ನು ಸೇರಿಸಿ. ಬೇರೆ ಪಿನ್ನಿಗೆ ತಾಗಬಾರದು.

ಪುಟ್ಟಿ ಎಂಬ ಉಚಿತ ಪ್ರೋಗ್ರಾಂ ತೆರೆದು, ಸೀರಿಯಲ್ ಆರಿಸಿ, ನಿಮ್ಮ ಕಾಮ್ ನಂಬರ್ ಕೊಟ್ಟು, ಫ್ಲೋ ಕಂಟ್ರೋಲ್‌ಗೆ ‘None’ (ಬೇಡ) ಆರಿಸಿ. ಈಗ ಕೀಲಿಮಣೆ ಒತ್ತಿ. ಒತ್ತಿದ ಅಕ್ಷರ ಪರದೆ ಮೇಲೆ ಕಾಣಬೇಕು. ತಂತಿ ತೆಗೆದ ಕೂಡಲೇ ಕಾಣುವುದು ನಿಲ್ಲಬೇಕು. ಎರಡೂ ಆದರೆ ಲ್ಯಾಪ್‌ಟಾಪ್, ಡ್ರೈವರ್, ಅಡಾಪ್ಟರ್ ಮೂರೂ ಸರಿಯಿವೆ, ಅಡಾಪ್ಟರ್ ಬದಲಿಸುವ ಮಾತೇ ಬೇಡ. ಆಮೇಲೆ ಕೇಬಲ್ ಸೇರಿಸಿ, ಅದರ ಆ ತುದಿಯಲ್ಲಿ ಇದೇ ಪರೀಕ್ಷೆ ಮಾಡಿ. ತೂತುಗಳಿರುವ ಹೆಣ್ಣು ತುದಿಯಾದರೆ ಎಣಿಕೆ ಬಲದಿಂದ ಎಡಕ್ಕೆ, ಮರೆಯಬೇಡಿ. ಇಲ್ಲಿ ಅಕ್ಷರ ಬರದಿದ್ದರೆ ಕೇಬಲ್ ಒಳಗೆ ತುಂಡಾಗಿದೆ.

ಅಲ್ಲೂ ಬಂತು, ಆದರೂ ತೂಕ ಬರುತ್ತಿಲ್ಲ ಅಂದರೆ ಅನುಮಾನ ಪಡಬೇಕಾದ್ದು ನೇರ ಕೇಬಲ್, ಕ್ರಾಸ್ ಕೇಬಲ್ ಗೊಂದಲವನ್ನು. ಒಂದರ ಬಾಯಿ ಇನ್ನೊಂದರ ಕಿವಿಗೆ ಸೇರಬೇಕು, ಅಷ್ಟೇ. ಯಂತ್ರ ಆನ್ ಮಾಡಿ, ಕೇಬಲ್ ಬಿಚ್ಚಿ, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಯಂತ್ರದ 5ನೇ ಪಿನ್ನಿಗೆ ಹಿಡಿಯಿರಿ. ಕೆಂಪು ಕಡ್ಡಿ 2ಕ್ಕೆ, ಆಮೇಲೆ 3ಕ್ಕೆ. ಮೈನಸ್ 5ರಿಂದ ಮೈನಸ್ 12 ವೋಲ್ಟಿನ ಆಸುಪಾಸು ಎಲ್ಲಿ ತೋರಿಸುತ್ತದೋ ಅದೇ ಯಂತ್ರ ಮಾತಾಡುವ ಪಿನ್. ಅದು 2 ಆದರೆ ನೇರ ಕೇಬಲ್ ಬೇಕು, 3 ಆದರೆ ಕ್ರಾಸ್. ನಿಮ್ಮ ಕೈಯಲ್ಲಿರುವುದು ಯಾವುದು ಅಂತ ತಿಳಿಯಲು ಮೀಟರನ್ನು ಬೀಪ್‌ಗೆ ಇಟ್ಟು, ಒಂದು ತುದಿಯ 2 ಇನ್ನೊಂದು ತುದಿಯ 2ಕ್ಕೆ ಸೇರಿದೆಯೋ 3ಕ್ಕೋ ನೋಡಿ; 2ಕ್ಕೆ ಸೇರಿದರೆ ನೇರ, 3ಕ್ಕೆ ಸೇರಿದರೆ ಕ್ರಾಸ್. ಇಷ್ಟು ನೋಡದೆ ಗಂಡು-ಹೆಣ್ಣು ತುದಿ ಕೂಡುತ್ತೆ ಅಂತ ಸುಮ್ನೆ ಕೇಬಲ್ ತರಬೇಡಿ.

ಮೈನಸ್ ಎಲ್ಲೂ ಇಲ್ಲ, ಒಂದು ಪಿನ್ನಲ್ಲಿ ಪ್ಲಸ್ 5 ಅಥವಾ 3.3 ವೋಲ್ಟ್ ಇದೆ ಅಂದರೆ ಅಲ್ಲಿಗೇ ನಿಲ್ಲಿಸಿ. ಅದು ಬಹುಶಃ ಟಿಟಿಎಲ್ ಮಟ್ಟದ, ಅಂದರೆ ಕಡಿಮೆ ವೋಲ್ಟಿನ ಯಂತ್ರ. ಇಲ್ಲಿ ಹೇಳುತ್ತಿರುವ ಮಾಮೂಲಿ ಸೀರಿಯಲ್ (ಆರ್‌ಎಸ್-232) ಅಡಾಪ್ಟರ್ ಚುಚ್ಚಿದರೆ ಒಳಗಿನ ಚಿಪ್ ಸುಟ್ಟುಹೋಗಬಹುದು.

ವೇಗ ಹೊಂದಿಸಿ

ತಂತಿ ತುಂಡು ತೆಗೆದು ಯಂತ್ರಕ್ಕೆ ಕೇಬಲ್ ಸೇರಿಸಿದ ಮೇಲೂ ಪುಟ್ಟಿಯ ಪರದೆ ಮೇಲೆ ಏನೂ ಇಲ್ಲ ಅಂದರೆ ಬಹುಶಃ ತಂತಿಯ ತಪ್ಪು. ಅರ್ಥವಿಲ್ಲದ ಚಿಹ್ನೆಗಳು ಬಂದರೆ ವೇಗದ ತಪ್ಪು. ಪುಟ್ಟಿಯ ಸೀರಿಯಲ್ ಸೆಟ್ಟಿಂಗ್‌ನಲ್ಲಿ ಮೊದಲು ವೇಗ 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಹಾಕಿ ನೋಡಿ. ಆಗದಿದ್ದರೆ 2400, 7 ಬಿಟ್, ಪ್ಯಾರಿಟಿ ಈವನ್. ಕೆಲವು ಯಂತ್ರಗಳು ಪ್ರಿಂಟ್ ಗುಂಡಿ ಒತ್ತಿದರೆ ಮಾತ್ರ ತೂಕ ಕಳಿಸುತ್ತವೆ, ಅದನ್ನೂ ಒತ್ತಿ ನೋಡಿ.

ಬೆಳಿಗ್ಗೆ ಬಂದ ತೂಕ ಮಧ್ಯಾಹ್ನ ನಿಂತುಹೋದರೆ ವಿದ್ಯುತ್ ಉಳಿತಾಯದ ಕೆಲಸ ಇರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ವಿದ್ಯುತ್ ಉಳಿಸಲು ಆಫ್ ಮಾಡುವ ಆಯ್ಕೆಯ ಟಿಕ್ ತೆಗೆಯಿರಿ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನವರಿಗೂ ಒಂದು ಮಾತು. 36 ಪಿನ್ನಿನ ಯುಎಸ್‌ಬಿ ಕೇಬಲ್ ಹಾಕಿದ ಮಾತ್ರಕ್ಕೆ ಎಲ್‌ಪಿಟಿ1 ಎಂಬ ಹಳೆ ಪ್ರಿಂಟರ್ ಪೋರ್ಟ್ ಹುಟ್ಟುವುದಿಲ್ಲ. ಅದು ಯುಎಸ್‌ಬಿ001 ಎಂಬಂಥ ಪೋರ್ಟ್ ಆಗಿ ಬರುತ್ತದೆ. ಡಾಸ್ ಪ್ರೋಗ್ರಾಂನಿಂದ ಬಿಲ್ ಬರಬೇಕಾದರೆ ಪ್ರಿಂಟರನ್ನು ಮೊದಲು ಶೇರ್ ಮಾಡಿ, ಆಮೇಲೆ ನೆಟ್ ಯೂಸ್ ಆದೇಶದಿಂದ ಎಲ್‌ಪಿಟಿ1ನ್ನು ಆ ಶೇರ್ ಹೆಸರಿಗೆ ಜೋಡಿಸಿ.